ವೈರು ಸುತ್ತಿಡುವ ತನಕ

ಹಗಲು ಮುಚ್ಚಿದ ಮೂವತ್ತೇಳನೆಯ ವರ್ಷ, ಎರಡನೇ ಬೇಸಿಗೆಯ ನಲವತ್ತಾರನೇ ದಿನ
ಬೆಂಗಳೂರು, ಪಾಟರಿ ಟೌನು, ನೆಲದಿಂದ ಎಂಬತ್ತು ಮೆಟ್ಟಿಲು ಕೆಳಗೆ

ಈ ಓಲೆ ಯಾರ ಕೈಗೆ ಸಿಕ್ಕಿದೆಯೋ ಅವರಿಗೆ,

ಮುನಿನಂಜಮ್ಮನ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಎಣಿಕೆಗೆ ತಂದರೆ ನಾನಿರುವುದು ಎರಡು ಸಾವಿರದ ನೂರ ಎಪ್ಪತ್ತರ ಆಚೀಚೆ. ನಿಮ್ಮ ಕಾಲದ ಕನ್ನಡ ನಾನು ಕಲಿತದ್ದು ಹಳೆಯ ಮದುವೆ ಕರೆಯೋಲೆಗಳನ್ನೂ ಅಂಗಡಿ ಬೋರ್ಡುಗಳನ್ನೂ ಓದಿ. ಅಲ್ಲಲ್ಲಿ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ, ಹುಟ್ಟಿದಾಗಿನಿಂದಲೂ ಇಲ್ಲ. ವಿಷಯ ಇಷ್ಟು. ಅಂತೋಣಪ್ಪ ಎಂಬ ಎಂಬತ್ತನಾಲ್ಕು ವರ್ಷದ ಹಿರಿಯರು ನನ್ನನ್ನು ನಂಬಿ ಒಂದು ಮಟ್ಟನ್ನು ನನ್ನ ಬಾಯಿಗೆ ಕೊಟ್ಟಿದ್ದರು. ಅದನ್ನು ನಾನು ದಾರಿಯಲ್ಲಿ ಕಳೆದುಬಿಟ್ಟೆ. ಈಗ ಅದು ಲೋಕದಲ್ಲಿ ಯಾರಿಗೂ ಬರುವುದಿಲ್ಲ. ಆದರೆ ನಿಮ್ಮ ಊರಿನಲ್ಲಿ, ನಿಮ್ಮ ಕಾಲದಲ್ಲಿ, ಒಬ್ಬ ಮನುಷ್ಯ ಅದನ್ನು ವಾರಕ್ಕೆ ಮೂರು ರಾತ್ರಿ ನುಡಿಸುತ್ತಿದ್ದಾನೆ. ತಾತನ ಕಿವಿಗೆ ಇನ್ನೊಂದು ತಿಂಗಳ ಆಯುಷ್ಯ ಎಂದು ವೈದ್ಯರು ಹೇಳಿದ್ದಾರೆ. ಅಷ್ಟರೊಳಗೆ ಅವರು ಅದನ್ನು ಕೇಳಬೇಕು. ನಿಮ್ಮಿಂದ ನನಗೆ ಬೇಕಾಗಿರುವುದು ಆ ಸಹಾಯ.

ಈ ಅಂಚೆಗೆ ನಾವು ಹಿಂದಂಚೆ ಎನ್ನುತ್ತೇವೆ. ಬರೆದ ಜಾಗದಲ್ಲೇ ಓಲೆ ನೂರೈವತ್ತು ವರ್ಷ ಹಿಂದಕ್ಕೆ ಬೀಳುತ್ತದೆ. ಯಾರಿಗೆ ಸಿಗಬೇಕೆಂದು ಆರಿಸುವ ಹಾಗಿಲ್ಲ. ನೀವು ಇಲ್ಲಿ ರೈಲಿಗೆ ಕಾಯುವವರೋ, ಸುರಂಗದ ಕೆಲಸದವರೋ ನನಗೆ ತಿಳಿಯದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಓಲೆ. ಅಕ್ಷರ ಮಾತ್ರ ಹೋಗುತ್ತದೆ, ಸದ್ದು ಹೋಗುವುದಿಲ್ಲ. ನಿಮ್ಮಿಂದ ಉತ್ತರವೂ ಬರುವುದಿಲ್ಲ. ಬಹಳ ಜನ ಈ ಒಂದು ಓಲೆಯನ್ನು ನಿಮ್ಮನ್ನು ಬೈಯುವುದಕ್ಕೇ ಖರ್ಚು ಮಾಡುತ್ತಾರೆ, ಕೆರೆ ಯಾಕೆ ಮುಚ್ಚಿದಿರಿ, ಮರ ಯಾಕೆ ಕಡಿದಿರಿ ಎಂದು. ನಾನೂ ಮೊದಲು ಒಂದು ಪುಟ ಚೆನ್ನಾಗಿಯೇ ಬೈದಿದ್ದೆ. ಹಿಂದಂಚೆಯ ಗುಮಾಸ್ತ ಓದಿ, ಅಡ್ಡಗೆರೆ ಎಳೆದು, "ಅಕ್ಕಾ, ಇದನ್ನೇ ಎಲ್ರೂ ಬರೀತಾರೆ. ನಿಮಗೇನ್ ಬೇಕೋ ಅದನ್ ಬರೀರಿ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ನಮ್ಮಲ್ಲಿ ಹಗಲು ಮುಚ್ಚಿದೆ. ನನಗೆ ಒಂದು ವರ್ಷವಾಗಿದ್ದಾಗ ಮುಚ್ಚಿದ್ದು. ಬಿಸಿಲು ತಡೆಯಲಾರದೆ ಊರಿಗೆ ಊರೇ ಮಗ್ಗುಲು ಬದಲಾಯಿಸಿತು. ಬೆಳಿಗ್ಗೆ ಎಂಟಕ್ಕೆ ಮುಚ್ಚುಗಂಟೆ ಹೊಡೆಯುತ್ತದೆ. ಜನ ದಪ್ಪಗೋಡೆಯ ಕೋಣೆಗಳಲ್ಲಿ, ಒದ್ದೆ ಗೋಣಿ ತೂಗುಬಿಟ್ಟು ಮಲಗುತ್ತಾರೆ. ಸಂಜೆ ಆರೂವರೆಗೆ ಬಿಚ್ಚುಗಂಟೆ. ಆಮೇಲೆ ಶಾಲೆ, ಸಂತೆ, ಕೋರ್ಟು, ಕ್ಷೌರ ಎಲ್ಲವೂ. ರಾತ್ರಿ ಹನ್ನೊಂದಕ್ಕೆ ಮಕ್ಕಳು ಮಗ್ಗಿ ಹೇಳುತ್ತಿರುತ್ತಾರೆ, ಎರಡಕ್ಕೆ ಊಟದ ಬಿಡುವು. ನಿಮ್ಮ ಕಾಲದಲ್ಲಿ ರಾತ್ರಿ ಬೆಂಗಳೂರಿನಲ್ಲಿ ಯಾವ ಬಡಾವಣೆಗೆ ಹೋದರೆ ಯಾವ ಸಂಗೀತ ಕೇಳಬಹುದೆಂದು ಯಾರೋ ಬರೆದ ಕೈಪಿಡಿಯೊಂದು ನನ್ನ ಹತ್ತಿರ ಇದೆ. ಅದನ್ನು ಓದಿ ನಮ್ಮವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಾರೆ. ರಾತ್ರಿ ಎಂದರೆ ನಮಗೆ ಹಾಜರಿ, ಸಾಲು, ಮೇಸ್ತ್ರಿಯ ಗದರಿಕೆ. ನಾನೇ ರಾತ್ರಿಯಿಡೀ ಚಾವಣಿಗಳಿಗೆ ಸುಣ್ಣ ಬಳಿಯುವವಳು. ಕುಣಿಯಬೇಕು, ಹಾಡಬೇಕು, ಊರು ಅಲೆಯಬೇಕು ಎನ್ನಿಸಿದವರಿಗೆ ನಮ್ಮಲ್ಲಿ ಉಳಿದಿರುವುದು ನಡುಹಗಲು. ಅದೂ ಕದ್ದುಮುಚ್ಚಿ. ನಿದ್ದೆ ಕಾನೂನಿನ ಪ್ರಕಾರ ಮುಚ್ಚುಗಂಟೆಗೂ ಬಿಚ್ಚುಗಂಟೆಗೂ ನಡುವೆ ನೆಲದ ಮೇಲೆ ಪಿಟಿಕ್ಕೆನ್ನುವ ಹಾಗಿಲ್ಲ. ತಲೆಗೆ ಒದ್ದೆ ಬಟ್ಟೆ ಹೊದ್ದ ನಿದ್ದೆ ಕಾವಲಿನವರು ಬೀದಿ ಬೀದಿ ತಿರುಗುತ್ತಿರುತ್ತಾರೆ.

ಆದ್ದರಿಂದ ನಾವು ಕೆಳಗಿಳಿಯುತ್ತೇವೆ. ನಿಮ್ಮ ಮೆಟ್ರೊ ಸುರಂಗಗಳು ಇನ್ನೂ ಗಟ್ಟಿಯಾಗಿವೆ. ರೈಲು ಓಡುವುದು ರಾತ್ರಿ. ಹಗಲು ಕರೆಂಟು ತೆಗೆದಿರುತ್ತಾರೆ. ಹಳಿ ತಣ್ಣಗಿರುತ್ತದೆ, ಗಾಳಿ ತಂಪಾಗಿರುತ್ತದೆ, ಮೇಲಿನವರಿಗೆ ಏನೂ ಕೇಳಿಸುವುದಿಲ್ಲ. ನಿದ್ದೆ ಬಾರದವರೆಲ್ಲ ಅಲ್ಲಿ ಸೇರುತ್ತಾರೆ. ನಮಗೆ ಹಗಲೆಚ್ಚರದವರು ಎಂದು ಹೆಸರು. "ಇವಳ ಕಾಲಿಗೆ ಚಕ್ರ ಕಟ್ಟಿ ಕಳಿಸವ್ನೆ ದ್ಯಾವ್ರು" ಎಂದು ನನ್ನ ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಿಜವೇ. ಮಲಗಿದರೆ ನನಗೆ ಊರಿನಲ್ಲಿ ಎಲ್ಲೋ ಏನೋ ನಡೆಯುತ್ತಿದೆ, ನಾನೊಬ್ಬಳು ತಪ್ಪಿಸಿಕೊಳ್ಳುತ್ತಿದ್ದೇನೆ ಎಂಬ ಸಂಕಟ. ಒಂದು ಕಡೆ ಕೂತು ಒಂದು ಹಾಡು ಪೂರ್ತಿ ಕೇಳಿದ್ದು ನನ್ನ ಜೀವನದಲ್ಲಿ ಕಡಿಮೆ. ಇಲ್ಲಿ ಪಲ್ಲವಿ, ಅಲ್ಲಿ ಚರಣ, ಇನ್ನೊಂದು ಕಡೆ ಚಪ್ಪಾಳೆ, ಅಷ್ಟೇ.

ಒಂದೊಂದು ಪೇಟೆಯ ಪಾಡೂ ಬೇರೆ. ನಮ್ಮ ಪಾಟರಿ ಟೌನಿನಲ್ಲಿ ಮಡಕೆ ಬಾರಿಸುತ್ತಾರೆ, ಅದೂ ಬಿರುಕು ಬಿಟ್ಟ ಮಡಕೆ. ಒಳ್ಳೆಯ ಮಡಕೆ ನೀರಿಗೆ ಬೇಕಲ್ಲ. ಶಿವಾಜಿನಗರದಲ್ಲಿ ಎರಡು ಸಾಲು ಜನ ಎದುರುಬದುರು ಕೂತು, ಚಪ್ಪಾಳೆ ತಟ್ಟುತ್ತಾ, ಒಬ್ಬರನ್ನೊಬ್ಬರು ಕಾಲೆಳೆಯುತ್ತಾ ಹಾಡುತ್ತಾರೆ. ಅಲ್ಲಿ ಹಾಡು ನಿಂತರೂ ಚಹಾ ನಿಲ್ಲುವುದಿಲ್ಲ. ಎಂ.ಜಿ. ರೋಡಿನವರದು ಸ್ವಲ್ಪ ಗತ್ತು. ಅವರ ಹತ್ತಿರ ನಿಮ್ಮ ಕಾಲದ ಗಿಟಾರುಗಳಿವೆ, ಆದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗಳಿಲ್ಲ. ಗಿಟಾರಿನ ಬುಡವನ್ನು ಹಳಿಗೆ ಒತ್ತಿ ನುಡಿಸುತ್ತಾರೆ. ಕೇಳುವವರು ಹಳಿಯ ಮೇಲೆ ಕೆನ್ನೆಯಿಟ್ಟು ಉದ್ದಕ್ಕೂ ಮಲಗಿಕೊಂಡು ಕೇಳುತ್ತಾರೆ. ಮೊದಲ ಸಲ ನೋಡಿದವರಿಗೆ ಅಪಘಾತವಾಗಿದೆಯೇನೋ ಅನ್ನಿಸುತ್ತದೆ. ಮೆಜೆಸ್ಟಿಕ್ಕಿನಲ್ಲಿ ತಮಟೆ. ಊರಿನ ಸುರಂಗಗಳೆಲ್ಲ ಕೂಡುವ ಜಾಗ ಅದು, ಆಳವೂ ಹೆಚ್ಚು. ಎಷ್ಟು ಜೋರಾಗಿ ಬಡಿದರೂ ಕೇಳುವವರಿಲ್ಲ. ಚಿಕ್ಕಪೇಟೆಯಲ್ಲಿ ಗೋಡೆ ತುಂಬ ಸೀರೆ ಇಳಿಬಿಟ್ಟು ಹೆಂಗಸರು ಮೆಲ್ಲಗೆ ಹಾಡುತ್ತಾರೆ. ಮಾರ್ಕೆಟ್ಟಿನಲ್ಲಿ ತರಕಾರಿ ಕ್ರೇಟು, ತಕ್ಕಡಿ ತಟ್ಟೆ, ಸಿಕ್ಕಿದ್ದೆಲ್ಲ ವಾದ್ಯ. ಯಾವುದನ್ನೂ ಯಾರೂ ಯಂತ್ರದಲ್ಲಿ ಹಿಡಿದಿಡುವುದಿಲ್ಲ. ಯಂತ್ರ ಇದ್ದರೆ ಕಾವಲಿನವರಿಗೆ ಜಾಡು ಸಿಗುತ್ತದೆ. ಹಾಡಿದ್ದು ಕೇಳಿದವರ ತಲೆಯಲ್ಲಿ ಎಷ್ಟು ನಿಂತರೆ ಅಷ್ಟು.

ಈ ಪೇಟೆಗಳನ್ನೆಲ್ಲ ಜೋಡಿಸುವ ಒಂದು ಪದ್ಧತಿ ನಮ್ಮಲ್ಲಿದೆ. ಬಾಯ್ದಾಟು ಎಂದು ಅದರ ಹೆಸರು. ಯಾರಿಗಾದರೂ ಒಂದು ಮಟ್ಟು ಊರಿನಲ್ಲಿ ಉಳಿಯಬೇಕು ಅನ್ನಿಸಿದರೆ, ಮಟ್ಟು ಹೊತ್ತೊಯ್ಯುವ ಒಬ್ಬ ಬಾಯಾಳನ್ನು ಮುಚ್ಚುಗಂಟೆಗೆ ಮೊದಲೇ ಕರೆದು, ಬಾಗಿಲು ಹಾಕಿಕೊಂಡು, ಮೂರು ಸಲ ನುಡಿಸಿ ಕೇಳಿಸುತ್ತಾರೆ. ಬಾಯಾಳು ಅದನ್ನು ಗುನುಗುತ್ತಾ, ಎಡೆಬಿಡದೆ ಗುನುಗುತ್ತಾ, ಮೆಜೆಸ್ಟಿಕ್ಕಿನವರೆಗೆ ನಡೆಯಬೇಕು. ಅಲ್ಲಿನವರು ಅದನ್ನು ಎತ್ತಿಕೊಂಡು ತಮ್ಮ ರೀತಿಯಲ್ಲಿ ನುಡಿಸುತ್ತಾರೆ. ಅಲ್ಲಿಂದ ಬೇರೊಬ್ಬ ಬಾಯಾಳು ಚಿಕ್ಕಪೇಟೆಗೆ, ಅಲ್ಲಿಂದ ಇನ್ನೊಬ್ಬ ಮಾರ್ಕೆಟ್ಟಿಗೆ. ಹೀಗೆ ಆರು ಪೇಟೆ ದಾಟಿ ಬಿಚ್ಚುಗಂಟೆ ಹೊಡೆದ ಕೂಡಲೇ ಕೊಟ್ಟವರ ಮನೆಗೇ ಮರಳಿ ಬರುತ್ತದೆ. ಅಷ್ಟರಲ್ಲಿ ಅರ್ಧ ಊರಿಗೆ ಬಾಯಿಪಾಠವಾಗಿರುತ್ತದೆ. ಮೊದಲ ಬಾಯಾಳಿಗೆ ನಿಯಮ ಮೂರೇ: ಮಾತಾಡಬಾರದು, ಕಿವಿಯಿಂದ ಹತ್ತಿ ತೆಗೆಯಬಾರದು, ಓಡಬಾರದು. ಇಷ್ಟೂ ಮಾಡಲಾಗದಿದ್ದರೆ ಒಪ್ಪಿಕೊಳ್ಳಲೇಬಾರದು. ನಾನು ಒಪ್ಪಿಕೊಂಡೆ.

ಅಂತೋಣಪ್ಪ ತಾತ ನಮ್ಮ ಬೀದಿಯವರು. ನಿಮ್ಮ ಕಾಲದ ಮನೆಗಳ ಅವಶೇಷದಿಂದ ಅಗೆದು ತೆಗೆದ ಪ್ಲಾಸ್ಟಿಕ್ ಪೈಪಿಗೆ ತೂತು ಕೊರೆದು ಊದುತ್ತಾರೆ. ಅವರ ಮುತ್ತಜ್ಜಿಯ ತಾಯಿ ರೋಸಮ್ಮ ನಿಮ್ಮ ಕಾಲದವಳು. ಈಗ ಅವಳಿಗೆ ಮೂವತ್ತರ ಪ್ರಾಯವಿರಬಹುದು. ಸಂಗೀತ ನುಡಿಸುವ ಯಾವುದೋ ಪಬ್ಬಿನಲ್ಲಿ ಗ್ಲಾಸು ತೊಳೆಯುತ್ತಾಳೆ. ಆ ಪಬ್ಬಿನಲ್ಲಿ ಒಬ್ಬ ಸ್ಯಾಕ್ಸೊಫೋನಿನವನಿದ್ದಾನೆ. ಆಟ ಮುಗಿದು, ಜನ ಎದ್ದು ಹೋಗಿ, ಉಳಿದವರು ನೆಲದ ಮೇಲಿನ ವೈರುಗಳನ್ನು ಮೊಣಕೈಗೆ ಸುತ್ತಿಡುತ್ತಿರುವಾಗ, ಅವನು ವಾದ್ಯವನ್ನು ಒರೆಸಿ ಪೆಟ್ಟಿಗೆಗೆ ಇಡುವ ಮೊದಲು ಒಂದು ಮಟ್ಟು ಊದುತ್ತಾನೆ. ಯಾರಿಗೂ ಅಲ್ಲ, ತನಗೆ. ಅದು ಯಾವ ಹಾಡಿನದೂ ಅಲ್ಲವಂತೆ. ಕೇಳುತ್ತಿದ್ದವಳು ಹಿಂದಿನ ಬಚ್ಚಲಲ್ಲಿ ನಿಂತ ರೋಸಮ್ಮ ಒಬ್ಬಳೇ. ಅವಳು ಅದನ್ನು ಗುನುಗುತ್ತಾ ಮಗಳನ್ನು ಮಲಗಿಸಿದಳು, ಆ ಮಗಳು ತನ್ನ ಮಗಳನ್ನು. ಹಾಗೆ ಒಂದೇ ಎಳೆಯಲ್ಲಿ ತಾತನವರೆಗೆ ಬಂದಿತ್ತು. ತಾತನಿಗೆ ಮಕ್ಕಳಿಲ್ಲ. ಕಿವಿ ಹೋಗುತ್ತಿದೆ, ಜೊತೆಗೆ ಮರೆವೂ ಬಂದಿದೆ. "ಇವತ್ತು ನೆನಪೈತೆ, ನಾಳೆ ಇರತ್ತೋ ಇಲ್ವೋ. ಹೊತ್ಕೊಂಡ್ ಹೋಗಮ್ಮ ನಂಜೀ" ಎಂದು ನನ್ನನ್ನು ಕರೆದರು. ಊರಿನಲ್ಲಿ ನನಗಿಂತ ನಿಧಾನಸ್ಥ ಬಾಯಾಳುಗಳು ಹತ್ತು ಜನ ಇದ್ದರು. ತಾತನಿಗೆ ನನ್ನ ಮೇಲೆ ಯಾಕೆ ಅಷ್ಟು ಅಕ್ಕರೆಯೋ ಇವತ್ತಿಗೂ ಗೊತ್ತಿಲ್ಲ.

ಮೂರು ಸಲ ಊದಿದರು. ನಾನು ಹಿಡಿದುಕೊಂಡೆ. ಕಿವಿಗೆ ಹತ್ತಿ ತುರುಕಿಕೊಂಡು ಮೆಟ್ಟಿಲಿಳಿದೆ. ಕಂಟೋನ್ಮೆಂಟಿನವರೆಗೆ ದೇವರಾಣೆಗೂ ಸರಿಯಾಗಿ ನಡೆದೆ. ಶಿವಾಜಿನಗರದ ಹತ್ತಿರ ಬಂದಾಗ ಎರಡು ಸಾಲಿನವರು ಎದ್ದು ನಿಂತು ಹಾಡುತ್ತಿದ್ದದ್ದು ಕಂಡಿತು. ಕೂತು ಹಾಡುವವರು ಎದ್ದು ನಿಂತಿದ್ದಾರೆ ಎಂದರೆ ಏನೋ ಜಬರ್ದಸ್ತಾಗಿ ನಡೆಯುತ್ತಿದೆ ಎಂದರ್ಥ. ಒಂದು ಕಿವಿಯ ಹತ್ತಿ ಮಾತ್ರ ತೆಗೆದೆ. ಬಾಯಲ್ಲಿ ತಾತನ ಮಟ್ಟು ಇದ್ದೇ ಇತ್ತು, ಒಂದು ಕಿವಿಯಿಂದ ಏನು ಮಹಾ ಎಂದುಕೊಂಡೆ. ಎಷ್ಟು ಹೊತ್ತು ನಿಂತೆನೋ! ಎಂ.ಜಿ. ರೋಡಿನಲ್ಲಿ ಹಳಿಗೆ ಕೆನ್ನೆಯನ್ನೂ ಇಟ್ಟೆ. ಬಾಯಿ ಗುನುಗುತ್ತಲೇ ಇತ್ತು, ನನ್ನ ತಲೆ ಮಾತ್ರ ಬೇರೆಯವರ ಹಾಡಿನಲ್ಲಿ. ಎದ್ದು ನೋಡಿದರೆ ಹೊತ್ತು ಮೀರಿತ್ತು. ಮೆಜೆಸ್ಟಿಕ್ಕಿಗೆ ಬೇಗ ಮುಟ್ಟಿಸಿಬಿಟ್ಟರೆ ಚಿಕ್ಕಪೇಟೆಯ ಹೆಂಗಸರನ್ನೂ ಕೇಳಬಹುದು, ಮಾರ್ಕೆಟ್ಟನ್ನೂ ಕೇಳಬಹುದು ಎಂಬ ಚಪಲ ಬೇರೆ. ಒಂದೇ ಹಗಲಿನಲ್ಲಿ ಊರನ್ನೆಲ್ಲ ಬಾಚಿ ತುಂಬಿಕೊಳ್ಳಬೇಕು ನನಗೆ. ಕಬ್ಬನ್ ಪಾರ್ಕಿನ ಕೆಳಗಿನ ಸುರಂಗದಲ್ಲಿ, ಮರದ ಬೇರುಗಳು ಚಾವಣಿ ಒಡೆದು ಇಳಿದಿರುವ ಕಡೆ, ನಾನು ಓಡಿದೆ.

ಓಡಿದ್ದಕ್ಕೆ ಉಸಿರು ಕಟ್ಟಿತು. ಗುನುಗು ನಿಂತಿತು. ಎರಡೇ ಎರಡು ಉಸಿರು ಎಳೆದುಕೊಂಡಿರಬಹುದು. ಮತ್ತೆ ಬಾಯಿ ತೆರೆದಾಗ ಬಂದದ್ದು ನಮ್ಮ ಬೀದಿಯ ನೀರಿನ ಬಂಡಿಯ ಮಟ್ಟು. ಅದನ್ನು ನಿಮಗೆ ಹೇಳಬೇಕು. ನಮ್ಮಲ್ಲಿ ನೀರು ಬಂಡಿಯಲ್ಲಿ ಬರುತ್ತದೆ, ಒಂದೊಂದು ಪೇಟೆಯ ಬಂಡಿಗೂ ಒಂದೊಂದು ಮಟ್ಟು. ಅದು ಕೇಳಿದ ಕೂಡಲೇ ಬಿಂದಿಗೆ ಹಿಡಿದು ಓಡಬೇಕು. ಐದನೇ ವಯಸ್ಸಿನಿಂದ ಓಡಿದ್ದೇನೆ. ನನ್ನ ಕಾಲು ಓಡಿದರೆ ನನ್ನ ಬಾಯಿಗೆ ಬರುವುದು ಅದೇ. ಅಲ್ಲೇ ನೆಲಕ್ಕೆ ಕುಕ್ಕರಿಸಿ ಕೂತು ಹುಡುಕಿದೆ. ತಲೆ ಚಚ್ಚಿಕೊಂಡೆ, ಹಿಂದಕ್ಕೆ ನಡೆದು ಎಂ.ಜಿ. ರೋಡಿನಿಂದ ಮತ್ತೆ ಬಂದು ನೋಡಿದೆ. ಮೊದಲ ತುಣುಕು ಸಿಕ್ಕಿತು, ಉಳಿದದ್ದು ಸಿಗಲಿಲ್ಲ. ನೀರಿನ ಬಂಡಿ ಎದುರಿಗೇ ನಿಂತಿತ್ತು, ಕದಲಲೇ ಇಲ್ಲ.

ಆಗಲಾದರೂ ಹಿಂದಿರುಗಿ ಹೋಗಿ ತಾತನ ಕಾಲು ಹಿಡಿಯಬಹುದಿತ್ತು. ಇನ್ನೊಂದು ಸಲ ಊದಿ ಎಂದು ಕೇಳಬಹುದಿತ್ತು. ಮಾಡಲಿಲ್ಲ. ಮರ್ಯಾದೆ ಅಡ್ಡ ಬಂತು. ಮೆಟ್ಟಿಲಿಳಿದು ಮೆಜೆಸ್ಟಿಕ್ಕಿನವರ ಮುಂದೆ ನಿಂತು, ಬಾಯಿಗೆ ಬಂದ ನೀರಿನ ಬಂಡಿಯನ್ನೇ ಗಂಭೀರವಾಗಿ ಗುನುಗಿದೆ. ಅದು ನಮ್ಮ ಪೇಟೆಯದು, ಅಲ್ಲಿನವರು ಕೇಳಿದವರಲ್ಲ. ತಮಟೆಯವರ ಮುಂದಾಳು ಜಬೀನಾ ಕಣ್ಣರಳಿಸಿ, "ಏನ್ ನಂಜಕ್ಕಾ, ಮುದುಕ್ರ ಮಟ್ಟು ಅಂದ್ರೆ ಅಳೋ ಥರ ಇರತ್ತೆ ಅನ್ಕೊಂಡಿದ್ದೆ. ಇದು ಕಾಲ್ ಕೆಳಗ್ ನಿಲ್ಲಕ್ಕೇ ಬಿಡಲ್ವಲ್ಲ!" ಎಂದಳು. ಬಡಿದರು ನೋಡಿ! ಅಷ್ಟು ಚೆಂದದ ಬಾಯ್ದಾಟನ್ನು ನಮ್ಮ ಊರು ಕಂಡಿರಲಿಲ್ಲ. ಚಿಕ್ಕಪೇಟೆಯಲ್ಲಿ ಅದು ಸೋಬಾನೆಯಾಯಿತು, ಮಾರ್ಕೆಟ್ಟಿನಲ್ಲಿ ಕುಣಿತವಾಯಿತು. ಸಂಜೆ ಮೂವತ್ತು ಜನ ಅದನ್ನು ಹೊತ್ತು ತಾತನ ಬಾಗಿಲಿಗೆ ತಂದಾಗ ನನಗೇ ಅದರ ಗುರುತು ಹತ್ತುವುದು ಕಷ್ಟವಾಗಿತ್ತು. ತಾತ ಪೂರ್ತಿ ಕೇಳಿದರು, ಕಣ್ಣೀರು ಹಾಕಿದರು, ಎಲ್ಲರಿಗೂ ಕೈಮುಗಿದರು. ಜನ ನನ್ನ ಬೆನ್ನು ತಟ್ಟಿದರು. ಎಷ್ಟು ಬದಲಾದರೂ ತಾಯಿಬೇರು ಅದೇ ಅಲ್ಲವೇ, ಅದಕ್ಕೇ ತಾತನಿಗೆ ಅಳು ಬಂತು ಎಂದು ಮಾತಾಡಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹತ್ತೊಂಬತ್ತು ದಿನ ನಾನು ಹೇಳಲಿಲ್ಲ. ಸುಣ್ಣ ಬಳಿಯುತ್ತಾ ಏಣಿಯ ಮೇಲೆ ನಿಂತರೆ ಕೆಳಗಿನ ಬೀದಿಯಲ್ಲಿ ಯಾರೋ ಅದನ್ನೇ ಹಾಡಿಕೊಂಡು ಹೋಗುತ್ತಿದ್ದರು, ಅಂತೋಣಪ್ಪನ ಮಟ್ಟು ಎಂಬ ಹೆಸರಿನಲ್ಲಿ. ಊಟ ಸೇರುತ್ತಿರಲಿಲ್ಲ. ನಿದ್ದೆ ಮೊದಲೇ ಇರಲಿಲ್ಲ. ಹಗಲೆಲ್ಲ ಸುರಂಗಗಳಲ್ಲಿ ಹುಚ್ಚಿಯ ಹಾಗೆ ನಡೆದೆ, ಕಳೆದ ಜಾಗದಲ್ಲೇ ಸಿಗಬಹುದೇನೋ ಎಂದು. ಕೊನೆಗೆ ಇಪ್ಪತ್ತನೇ ದಿನ ತಾತನ ಮನೆಗೆ ಹೋಗಿ ಎಲ್ಲವನ್ನೂ ಒದರಿಬಿಟ್ಟೆ. ನನ್ನನ್ನು ಬೈಯಿರಿ, ಹೊಡೆಯಿರಿ, ಆದರೆ ಇನ್ನೊಂದು ಸಲ ಊದಿ, ಈ ಸಲ ಮೊಣಕಾಲಲ್ಲಿ ತೆವಳಿಕೊಂಡು ಹೋಗುತ್ತೇನೆ ಎಂದೆ.

ತಾತ ಪೈಪನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ನೀರಿನ ಬಂಡಿ ನಂಗ್ ಗೊತ್ತಾಗಲ್ವೇನಮ್ಮಾ? ಎಪ್ಪತ್ತು ವರ್ಷ ಅದರ ಹಿಂದೇನೇ ಓಡಿದೀನಿ" ಎಂದರು. ಹಾಗಾದರೆ ಅವತ್ತು ಅತ್ತದ್ದು ಯಾಕೆ ಎಂದು ಕೇಳಿದೆ. "ಅಷ್ಟ್ ಜನ ಬಂದ್ರು, ಅದೊಂದ್ ಬರಲಿಲ್ವಲ್ಲ ಅಂತ ಅತ್ತೆ." ಮತ್ತೆ ಯಾಕೆ ಹೇಳಲಿಲ್ಲ? "ನೀನೇ ಬಂದ್ ಹೇಳ್ತೀಯ ಅಂತ ಕಾಯ್ತಿದ್ದೆ ಕಣಮ್ಮ. ಬೇಗ ಬಂದಿದ್ರೆ ಆಗ್ತಿತ್ತು. ಮೊದಲ್ನೇ ವಾರ ಇನ್ನೂ ಬಾಯಲ್ಲಿತ್ತು. ಈಗ ನಂಗೂ ಬರ್ತಿಲ್ಲ." ಪೈಪನ್ನು ತುಟಿಗೆ ಇಟ್ಟು ಊದಿ ತೋರಿಸಿದರು. ಮೊದಲ ತುಣುಕಿನ ನಂತರ ಅವರ ಬೆರಳುಗಳು ತೂತಿನಿಂದ ತೂತಿಗೆ ಅಲೆದು ನಿಂತುಬಿಟ್ಟವು. ನನ್ನ ಜೀವನದಲ್ಲಿ ಒಂದೇ ಒಂದು ಸಲ ನಾನು ಆತುರ ಮಾಡಬೇಕಾಗಿತ್ತು, ಆ ಹತ್ತೊಂಬತ್ತು ದಿನಗಳಲ್ಲಿ. ಆಗ ಮಾಡಲಿಲ್ಲ. ಅವರು ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ನಾನು ಅಲ್ಲೇ ಗೊಳೋ ಎಂದು ಅತ್ತೆ. ಅವರು ನನ್ನ ತಲೆ ಸವರಿ, ನೀರು ಕುಡಿಸಿ ಕಳಿಸಿದರು. ಮಾರನೆಯ ರಾತ್ರಿಯೇ ಹಿಂದಂಚೆಗೆ ಹೆಸರು ಬರೆಸಿದೆ.

ಈಗ ನನ್ನ ಬೇಡಿಕೆ. ದಯವಿಟ್ಟು ಇವತ್ತು ರಾತ್ರಿಯೇ ಹೊರಡಿ. ಪಬ್ಬು ಎಲ್ಲಿತ್ತೆಂದು ತಾತನ ಮನೆಯವರಿಗೆ ತಿಳಿಯದು. ಮೆಟ್ಟಿಲಿಳಿದು ಹೋಗಬೇಕಿತ್ತಂತೆ, ಬಾಗಿಲ ಪಕ್ಕ ಮೆಣಸಿನಕಾಯಿ ಬಜ್ಜಿಯ ಗಾಡಿ ನಿಲ್ಲುತ್ತಿತ್ತಂತೆ. ಬ್ರಿಗೇಡ್ ರಸ್ತೆ ಇರಬಹುದು, ರೆಸಿಡೆನ್ಸಿ ರಸ್ತೆ ಇರಬಹುದು, ಇಂದಿರಾನಗರವೋ ಕೋರಮಂಗಲವೋ ಇರಬಹುದು. ನನ್ನ ಹತ್ತಿರವಿರುವ ಕೈಪಿಡಿಯಲ್ಲಿ ಎಲ್ಲ ಇದೆ, ಯಾವ ಬಡಾವಣೆಯಲ್ಲಿ ಎಷ್ಟು ಹೊತ್ತಿಗೆ ಶುರು, ಯಾವ ದಿನ ಯಾವ ಬ್ಯಾಂಡು, ಮುಗಿಸಿ ಅಲ್ಲಿಂದ ಇನ್ನೆಲ್ಲಿಗೆ ಹೋಗಬಹುದು. ಮುಗಿದ ಮೇಲೆ ಏನಾಗುತ್ತದೆಂದು ಮಾತ್ರ ಮಹಾಶಯ ಒಂದು ಅಕ್ಷರ ಬರೆದಿಲ್ಲ. ಅವನೂ ನನ್ನಂಥವನೇ ಇರಬೇಕು, ಕೊನೆಯ ಹಾಡಿಗೆ ಮೊದಲೇ ಮುಂದಿನ ಜಾಗಕ್ಕೆ ಎದ್ದು ಓಡುವವನು. ನೀವು ಹಾಗೆ ಮಾಡಬೇಡಿ. ಒಂದು ರಾತ್ರಿಗೆ ಒಂದೇ ಜಾಗ. ಚಪ್ಪಾಳೆ ಮುಗಿಯಲಿ, ದೀಪ ಹಾಕಲಿ, ನೆಲ ಒರೆಸುವವರು ಬಂದು ಕಾಲೆತ್ತಿ ಎನ್ನಲಿ. ಕಾಲೆತ್ತಿ ಕೂತಿರಿ. ಬಾಗಿಲು ಹಾಕುವ ಹೊತ್ತಾಯಿತು ಎಂದು ಗದರಿಸಿದರೆ ಚಪ್ಪಲಿ ಹುಡುಕುವ ಹಾಗೆ ನಟಿಸಿ. ವೈರು ಸುತ್ತಿಡುವ ತನಕ ಏಳಬೇಡಿ. ಸ್ಯಾಕ್ಸೊಫೋನಿನವನು ಸಿಗದಿದ್ದರೆ ನಾಳೆ ಇನ್ನೊಂದು ಬಡಾವಣೆ.

ಮಟ್ಟಿನ ಗುರುತು ಹೇಳುತ್ತೇನೆ. ಸ್ವರ ಬರೆಯಲು ನನಗೆ ಬರುವುದಿಲ್ಲ. ತಗ್ಗಿನಲ್ಲಿ ಶುರುವಾಗಿ ಮೂರು ಮೆಟ್ಟಿಲು ಹತ್ತುತ್ತದೆ, ಇಳಿಯುತ್ತದೆ. ಮತ್ತೆ ಮೂರು ಹತ್ತುತ್ತದೆ, ಇಳಿಯುತ್ತದೆ. ಮೂರನೆಯ ಸಲ ಎರಡು ಹತ್ತಿ ಅಲ್ಲೇ ನಿಲ್ಲುತ್ತದೆ. ಬಹಳ ಹೊತ್ತು ನಿಲ್ಲುತ್ತದೆ, ಮರೆತೇಬಿಟ್ಟನೇನೋ ಅನ್ನಿಸುವಷ್ಟು. ಆಮೇಲೆ ಯಾರೂ ನೆನೆಸದ ಕಡೆಯಿಂದ ಎದ್ದು ಬರುತ್ತದೆ. ನನ್ನ ಹತ್ತಿರ ಇರುವುದು ಆ ನಿಲುಗಡೆಯವರೆಗೆ. ಎದ್ದು ಬರುವುದು ಹೇಗೆಂದು ನೀವು ಕಲಿಯಬೇಕು. ಫೋನಿನಲ್ಲಿ ಹಿಡಿದಿಟ್ಟುಕೊಂಡರೆ ನನಗೆ ಉಪಯೋಗವಿಲ್ಲ, ನಿಮ್ಮ ಫೋನುಗಳೆಲ್ಲ ನಮ್ಮಲ್ಲಿ ಮಣ್ಣು ಸೇರಿವೆ. ಬಾಯಿಗೆ ಕಲಿಯಿರಿ. ಕಲಿತು ಇಬ್ಬರಿಗೆ ಕಲಿಸಿ. ಅವರಿಗೂ ಇಬ್ಬಿಬ್ಬರಿಗೆ ಕಲಿಸಲು ಹೇಳಿ. ರೋಸಮ್ಮನ ಮನೆಯಲ್ಲಿ ಒಂದೇ ಎಳೆಯಿತ್ತು, ಅದನ್ನು ನಾನು ಕಡಿದೆ. ಬಹಳ ಎಳೆಗಳಿದ್ದರೆ ನನ್ನಂಥವಳು ಒಬ್ಬಳು ಕಡಿದರೂ ಉಳಿಯುತ್ತದೆ. ಅಲ್ಲಿ ಗ್ಲಾಸು ತೊಳೆಯುವ ಹೆಂಗಸು ಕಂಡರೆ ಏನನ್ನೂ ಹೇಳಬೇಡಿ. ನಿಮ್ಮ ಗ್ಲಾಸನ್ನು ನೀವೇ ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಡಿ, ಅಷ್ಟು ಸಾಕು. ಸಿಕ್ಕಾಪಟ್ಟೆ ಕೇಳುತ್ತಿದ್ದೇನೆ ಎಂದು ಗೊತ್ತು. ಗುರುತು ಪರಿಚಯ ಇಲ್ಲದ ನಿಮ್ಮನ್ನು ಬಿಟ್ಟರೆ ನನಗೆ ಕೇಳಲು ಬೇರೆ ಯಾರೂ ಇಲ್ಲ.

ಹಿಂದಂಚೆಯಲ್ಲಿ ಒಂದು ಅನುಕೂಲವಿದೆ, ನನ್ನಂಥ ತಾಳ್ಮೆಗೇಡಿಗಳಿಗೆ ಹೇಳಿ ಮಾಡಿಸಿದಂಥದ್ದು. ಈ ಓಲೆ ನನ್ನ ಕೈಬಿಟ್ಟ ಕ್ಷಣದಲ್ಲಿ, ನಮ್ಮ ಪಾಲಿಗೆ ನೀವು ಮಾಡುವುದನ್ನೆಲ್ಲ ಮಾಡಿ ನೂರೈವತ್ತು ವರ್ಷವಾಗಿರುತ್ತದೆ. ಕಲಿತಿದ್ದರೆ ಕಲಿತಾಗಿರುತ್ತದೆ, ಎದ್ದು ಹೋಗಿದ್ದರೆ ಎದ್ದು ಹೋಗಿಯಾಗಿರುತ್ತದೆ. ಎಷ್ಟೋ ಜನರಿಗೆ ಮನೆ ತಲುಪುವಷ್ಟರಲ್ಲಿ ಫಲ ಕಂಡಿದೆ, ಎಷ್ಟೋ ಜನರಿಗೆ ಏನೂ ಆಗಿಲ್ಲ ಎಂದು ಗುಮಾಸ್ತ ಹೇಳಿದ. ಈಗ ಅವನು ಕೈ ಚಾಚಿ ನಿಂತಿದ್ದಾನೆ. ಮುಚ್ಚುಗಂಟೆ ಹೊಡೆಯಿತು. ತಾತ ನನ್ನ ಜೊತೆಗೇ ಬಂದಿದ್ದಾರೆ, ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಬರುತ್ತದೆಂದು ನಾನು ಅವರಿಗೆ ಮಾತು ಕೊಟ್ಟಿಲ್ಲ. ಕೊಡುವ ಯೋಗ್ಯತೆ ನನಗಿಲ್ಲ. ಸುಮ್ಮನೆ ಸಂಗೀತ ಕೇಳೋಣ ಬನ್ನಿ ಎಂದು ಕರೆತಂದೆ. ಇಲ್ಲಿಂದ ನಾಲ್ಕು ಹೆಜ್ಜೆಯಲ್ಲಿ ನಮ್ಮ ಮಡಕೆಯವರ ಜಾಗ. ಓಲೆ ಕೊಟ್ಟು ಅವರ ಕೈ ಹಿಡಿದು ಅಲ್ಲಿಗೆ ಹೋಗಿ, ಎಲ್ಲರಿಗಿಂತ ಮುಂದೆ ಕೂರಿಸುತ್ತೇನೆ. ಆಟ ಮುಗಿದು ಜನ ಎದ್ದ ಮೇಲೂ ನಾವಿಬ್ಬರು ಏಳುವುದಿಲ್ಲ. ಮಡಕೆಗಳನ್ನು ಹುಲ್ಲಿನಲ್ಲಿ ಸುತ್ತಿಡುತ್ತಾ ಅವರು ಏನು ಗುನುಗುತ್ತಾರೋ, ಅದನ್ನು ಕೇಳುತ್ತೇವೆ.